ಒಳಮಡಿಕೆಯ ಬಣ್ಣ

"ಇದು ತಪ್ಪು," ಎಂದಳು ಬಣ್ಣದಕ್ಕ. ಪ್ರೂಫ್ ಹಾಳೆಯನ್ನು ಕಿಟಕಿಯ ಹತ್ತಿರ ಒಯ್ದು ನೋಡಿದಳು, ಮತ್ತೆ ದೀಪದ ಕೆಳಗೆ ತಂದು ನೋಡಿದಳು. "ಆಕಾಶದ ಬಣ್ಣವೇ ತಪ್ಪು."

ಪ್ರೆಸ್ಸಿನ ಯಜಮಾನರು ಕನ್ನಡಕವನ್ನು ಹಣೆಗೇರಿಸಿದರು. ಇಪ್ಪತ್ತೆರಡು ವರ್ಷಗಳಿಂದ ತಮ್ಮಲ್ಲಿ ಶಾಯಿ ಬೆರೆಸುತ್ತಿರುವ ಈ ಹೆಂಗಸು ತಪ್ಪು ಎಂದರೆ ಅದು ತಪ್ಪೇ ಇರುತ್ತದೆಂದು ಅವರಿಗೆ ಗೊತ್ತಿತ್ತು. ಆದರೆ ಈ ಸಲ ಗಿರಾಕಿ ಕಳಿಸಿದ ಚಿತ್ರಕ್ಕೂ ಪ್ರೂಫಿಗೂ ಎಳ್ಳಷ್ಟೂ ವ್ಯತ್ಯಾಸ ಕಾಣಲಿಲ್ಲ.

"ಅವರು ಕಳಿಸಿದ್ದೂ ನೀಲಿ, ನಾವು ಹೊಡೆದಿದ್ದೂ ನೀಲಿ. ತಪ್ಪು ಎಲ್ಲಿಂದ ಬಂತಕ್ಕಾ?"

"ಅವರು ಕಳಿಸಿದ್ದೇ ತಪ್ಪು, ಯಜಮಾನ್ರೇ. ಆ ಆಕಾಶ ಕೆಂಪು."

ಹಾಳೆಯ ಮೇಲಿದ್ದದ್ದು ಮತ್ತೆ ಬಿಡುಗಡೆಯಾಗಲಿದ್ದ ಒಂದು ಹಳೆಯ ರೆಕಾರ್ಡಿನ ಕವರ್. ಒಣಗಿದ ಕೆರೆ, ನಟ್ಟನಡುವೆ ಒಂದು ಪಿಯಾನೊ, ಅದರ ತೆರೆದ ಮುಚ್ಚಳದೊಳಗೆ ಹಕ್ಕಿಗೂಡು, ಮೇಲೆ ಅರ್ಧ ಚಿತ್ರದ ತುಂಬ ಆಕಾಶ. ನಾಲ್ಕು ಜನರ ಪ್ರೋಗ್ರೆಸಿವ್ ರಾಕ್ ತಂಡವೊಂದರ ಮೂರನೆಯ ಆಲ್ಬಂ, ಕಡೆಯದೂ ಅದೇ. ಎರಡನೆಯ ಬದಿಯ ತುಂಬ ಒಂದೇ ಹಾಡು, ಇಪ್ಪತ್ತೆರಡು ನಿಮಿಷ. ಅದು ಶುರುವಾದಾಗ ಒಲೆ ಹಚ್ಚಿದರೆ ಅಡುಗೆಯಾಗಿ, ಊಟವಾಗಿ, ತಟ್ಟೆ ತೊಳೆದಿಟ್ಟರೂ ಗಿಟಾರಿನವನು ಇನ್ನೂ ಪೀಠಿಕೆಯಲ್ಲೇ ಇರುತ್ತಾನೆ ಎಂದು ಬಣ್ಣದಕ್ಕನ ಗಂಡ ಆಡಿಕೊಳ್ಳುತ್ತಿದ್ದ. ಆ ಕಾಲದಲ್ಲಿ ಕೇಳುವವರೇ ಇಲ್ಲದೆ ಅಂಗಡಿಗಳ ಗಾಜಿನ ಹಿಂದೆಯೇ ಉಳಿದಿದ್ದ ಈ ಆಲ್ಬಂಗೆ ಈಗ ಎಲ್ಲಿಂದಲೋ ಅಭಿಮಾನಿಗಳು ಹುಟ್ಟಿಕೊಂಡಿದ್ದರು. ಅವರು ಅದನ್ನು 'ನೀಲಿ ರೆಕಾರ್ಡು' ಎಂದೇ ಕರೆಯುತ್ತಿದ್ದರು. ಆ ಆಕಾಶದ ತಣ್ಣನೆಯ ನೀಲಿಯೇ ಕೀಬೋರ್ಡಿನ ದನಿಯಲ್ಲೂ ಇದೆಯೆಂದು ಪುಟಗಟ್ಟಲೆ ಬರೆದಿದ್ದರು. ಚಿತ್ರ ಬರೆದವಳು ತೀರಿಕೊಂಡಿದ್ದಳು, ಮೂಲ ಚಿತ್ರ ಎಲ್ಲಿ ಹೋಯಿತೋ ಯಾರಿಗೂ ತಿಳಿಯದು. ಆಲ್ಬಂ ಮತ್ತೆ ಹೊರತರುತ್ತಿರುವ ಗಿರಾಕಿಯೇ ಆದ, ತಂಡದ ಕೀಬೋರ್ಡಿನವರನ್ನು ಬಣ್ಣದಕ್ಕ ತಾನೇ ಫೋನಿನಲ್ಲಿ ಕೇಳಿದ್ದಳು. "ನಂಗೆ ನೆನಪಿಲ್ಲಮ್ಮ. ಎಲ್ರೂ ನೀಲಿ ಅಂತಾರೆ, ನೀಲೀನೇ ಇರ್ಲಿ ಬಿಡಿ," ಎಂದಿದ್ದರು ಆ ಮಹಾನುಭಾವರು.

"ಬಿಸಿಲಿಗಿಟ್ಟ ಕಾಗದದಲ್ಲಿ ಮೊದಲು ಓಡಿಹೋಗೋದು ಕೆಂಪು, ಹಳದಿ. ಕೊನೇತನಕ ಉಳಿಯೋದು ನೀಲಿ," ಎಂದಳು ಬಣ್ಣದಕ್ಕ. "ಅಂಗಡಿ ಗಾಜಿಗೆ ಅಂಟಿಸಿದ ಜಾಹೀರಾತು ನೋಡಿ, ವರ್ಷದೊಳಗೆ ಎಲ್ಲರ ಮುಖಾನೂ ನೀಲಿ. ಇವರು ಕಳಿಸಿರೋದು ಯಾವುದೋ ಅಂಗಡೀಲಿ ನೇತುಹಾಕಿದ್ದ ಪ್ರತಿಯ ಫೋಟೋ. ಎರಡು ಸಾವಿರ ಪ್ರತಿ ಹೀಗೇ ಹೊಡೆದ್ವಿ ಅಂದ್ರೆ ಇನ್ನು ಇದೇ ನಿಜ ಆಗೋಗುತ್ತೆ."

"ನೀವು ಕೆಂಪು ನೋಡಿದ್ದು ಯಾವಾಗ?"

"ಹನ್ನೆರಡನೇ ವಯಸ್ಸಲ್ಲಿ."

ಯಜಮಾನರು ನಗಲಿಲ್ಲ, ಅದು ಅವರ ದೊಡ್ಡತನ. "ಸೋಮವಾರ ಬೆಳಿಗ್ಗೆ ಹತ್ತಕ್ಕೆ ಮಷಿನ್ ಓಡುತ್ತೆ. ಅಷ್ಟರೊಳಗೆ ಏನಾದ್ರೂ ಪುರಾವೆ ತನ್ನಿ, ಕೀಬೋರ್ಡಿನವರನ್ನ ನಾನು ಒಪ್ಪಿಸ್ತೀನಿ. ಬರೀ ನೆನಪು ತಂದ್ರೆ ಆಗಲ್ಲ."

ಪುರಾವೆ ಎಲ್ಲಿದೆ ಎಂದು ಬಣ್ಣದಕ್ಕನಿಗೆ ಆ ಕ್ಷಣವೇ ಹೊಳೆದಿತ್ತು.

ಆ ರೆಕಾರ್ಡಿನ ಒಂದು ಪ್ರತಿ ಅವಳದಾಗಿತ್ತು. ಸರಿಯಾಗಿ ಹೇಳಬೇಕೆಂದರೆ ಅರ್ಧ ಅವಳದು, ಇನ್ನರ್ಧ ಅವಳ ಅಣ್ಣನದು. ಅವನಿಗೆ ಹದಿನಾರು, ಅವಳಿಗೆ ಹನ್ನೆರಡು ಇದ್ದಾಗ ಇಬ್ಬರೂ ದುಡ್ಡು ಕೂಡಿಹಾಕಿ ಕೊಂಡದ್ದು. ಮದುವೆಯಾಗಿ ಬೇರೆ ಬೇರೆ ಮನೆ ಸೇರಿದ ಮೇಲೆ ಆರು ತಿಂಗಳು ಅವನ ಮನೆ, ಆರು ತಿಂಗಳು ಇವಳ ಮನೆ ಎಂದು ಒಪ್ಪಂದವಾಗಿತ್ತು. ಮಕ್ಕಳನ್ನು ಹಂಚಿಕೊಂಡವರೂ ಇಷ್ಟು ಕಟ್ಟುನಿಟ್ಟಾಗಿ ತಾರೀಖು ನೋಡುವುದಿಲ್ಲ. ಈಗ ನಡೆಯುತ್ತಿದ್ದದ್ದು ಅಣ್ಣನ ಪಾಳಿ.

ಭಾನುವಾರ ಮಧ್ಯಾಹ್ನ ಮೂರೂವರೆಗೆ ಅವಳು ಚೀಲದಲ್ಲಿ ತೆಳ್ಳನೆಯ ಬ್ಲೇಡು, ಕಾಗದ ಮಡಿಸುವ ಮೂಳೆಯ ಪಟ್ಟಿ, ಒಂದು ಲಕೋಟೆ ಹಾಕಿಕೊಂಡು ಅಣ್ಣನ ಮನೆಗೆ ಹೋದಳು. ಅಣ್ಣನದು ಕನ್ನಡಕದ ಅಂಗಡಿ, ಅದರ ಮೇಲಿನ ಮಹಡಿಯಲ್ಲೇ ಮನೆ. ಬಂದವರನ್ನೆಲ್ಲ ಕುರ್ಚಿಯಲ್ಲಿ ಕೂರಿಸಿ "ಈಗ ಚೆನ್ನಾಗಿ ಕಾಣುತ್ತಾ? ಈಗ?" ಎಂದು ಕೇಳುವುದು ಅವನ ಕಸುಬು. ತನಗೆ ಕಂಡದ್ದರ ಬಗ್ಗೆ ಮಾತ್ರ ಅವನು ಯಾರನ್ನೂ ಕೇಳಿದವನಲ್ಲ. ಅವನು ಹಿಡಿದ ಮೊಲಕ್ಕೆ ಮೂರೇ ಕಾಲು. ತಂಗಿಯೂ ಅದೇ ಮನೆಯವಳಾದ್ದರಿಂದ ಅವಳ ಮೊಲಕ್ಕೂ ಮೂರೇ.

ಬಾಗಿಲು ತೆರೆದಾಗ ಪ್ಲೇಯರಿನಲ್ಲಿ ಕೀಬೋರ್ಡಿನವರು ತಂಡ ಬಿಟ್ಟ ಮೇಲೆ ಒಬ್ಬರೇ ಮಾಡಿದ ಆಲ್ಬಂ ಓಡುತ್ತಿತ್ತು.

"ಬಾ ಪುಟ್ಟಿ. ಇದನ್ನ ಕೇಳು, ಎಷ್ಟು ಸ್ವಚ್ಛ! ಅಡ್ಡ ಬರೋಕೆ ಯಾರೂ ಇಲ್ಲ."

"ಅದೇ ಅಣ್ಣ ಅದರ ರೋಗ. ತಾನೇ ಮಾಡಿ, ತಾನೇ ಬಡಿಸಿಕೊಂಡು, ತಾನೇ ಭೇಷ್ ಅಂದ್ಕೊಂಡ ಅಡುಗೆ ಅದು. ಸಾಕು ನಿಲ್ಲಿಸು ಅನ್ನೋಕೆ ಪಕ್ಕದಲ್ಲಿ ಆ ಡ್ರಮ್ಮಿನವನು ಇರಬೇಕಿತ್ತು."

"ಶುರುವಾಯ್ತಾ ನಿಂದು!" ಎಂದು ಅಣ್ಣ ನಗುತ್ತಲೇ ದನಿ ತಗ್ಗಿಸಿದ.

ಇಬ್ಬರದೂ ಆದ ಆ ರೆಕಾರ್ಡಿನ ಕವರ್ ಎಂದಿನಂತೆ ಪ್ಲೇಯರಿನ ಮೇಲುಗಡೆಯ ಗೋಡೆಯಲ್ಲಿ, ಗಾಜಿನ ಚೌಕಟ್ಟಿನೊಳಗೆ ನೇತಾಡುತ್ತಿತ್ತು. ಎದುರಿಗೆ ಪಶ್ಚಿಮದ ದೊಡ್ಡ ಕಿಟಕಿ. ಬಿಸಿಲು ಆಗಲೇ ಕೋಣೆಯೊಳಗೆ ಬಂದು, ನೆಲ ದಾಟಿ ಗೋಡೆ ಹತ್ತುತ್ತಿತ್ತು. ತನ್ನ ಪಾಳಿಯಲ್ಲಿ ಬಣ್ಣದಕ್ಕ ಅದನ್ನು ಬೀರುವಿನಲ್ಲಿಡುತ್ತಿದ್ದಳು. ಅಣ್ಣ ಮಾತ್ರ ಬಂದುಹೋಗುವವರಿಗೆಲ್ಲ ಕಾಣಬೇಕೆಂದು ಅಲ್ಲಿ ತೂಗುಹಾಕುತ್ತಿದ್ದ. ಪ್ರತಿದಿನ ಅಂಗಡಿ ಮುಚ್ಚಿ ಬಂದು ಮೊದಲು ಅದರ ಗಾಜು ಒರೆಸುತ್ತಿದ್ದ.

ಅವಳು ಸುತ್ತಿಬಳಸದೆ ಹೇಳಿದಳು. ಕವರಿನ ಮೇಲಂಚಿನಲ್ಲಿ ಮುಂಬದಿಯ ಕಾಗದವನ್ನು ಬೆರಳಗಲ ಒಳಕ್ಕೆ ಮಡಿಸಿ ಹಿಂಬದಿಯ ಕಾಗದದಡಿ ಅಂಟಿಸಿರುತ್ತಾರೆ. ಆಕಾಶದ ಬಣ್ಣ ಆ ಮಡಿಕೆಯೊಳಕ್ಕೂ ಸ್ವಲ್ಪ ಹರಿದಿರುತ್ತದೆ. ಅಲ್ಲಿಗೆ ಬೆಳಕು ಹೋಗಿಯೇ ಇಲ್ಲ. ಅದನ್ನು ಬಿಡಿಸಿ ನೋಡಬೇಕು.

ಅಣ್ಣನ ನಗು ಆರಿತು. "ಹಿಂಬದಿ ಮೇಲಂಚಲ್ಲಿ ಏನಿದೆ ಗೊತ್ತಲ್ಲ?"

ಗೊತ್ತಿತ್ತು. ತೀರಿಹೋದ ಡ್ರಮ್ಮಿನವನ ಸಹಿ, ಅದೂ ಸರಿಯಾಗಿ ಆ ಅಂಟಿನ ಮೇಲೆಯೇ. ಅದಕ್ಕಾಗಿ ಇಬ್ಬರೂ ತಂಡದ ಸಂಗೀತ ಕಛೇರಿ ಮುಗಿದ ಮೇಲೆ ಹಿಂಬಾಗಿಲಲ್ಲಿ ಎರಡು ಗಂಟೆ ಕಾದಿದ್ದರು.

"ಊರಿಗೆಲ್ಲ ಒಂದು ದಾರಿ ಆದ್ರೆ ನಿಂಗೇ ಒಂದು ದಾರಿ," ಎಂದ ಅಣ್ಣ. "ಲೋಕಕ್ಕೆಲ್ಲ ನೀಲಿ ಕಾಣುತ್ತೆ, ನಂಗೂ ನೀಲಿ. ಕೊಂಡ ದಿನಾನೂ ನೀಲೀನೇ ಇತ್ತು ಕಣೇ. ನಿನ್ನ ಕಣ್ಣು ನಾನೇ ಪರೀಕ್ಷೆ ಮಾಡಿದೀನಿ, ಏನೂ ದೋಷ ಇಲ್ಲ. ದೋಷ ಇರೋದು ನೆನಪಲ್ಲಿ."

"ಮೂವತ್ತು ವರ್ಷದಿಂದ ಇದನ್ನೇ ಹೇಳ್ತಿದೀಯ. ನಾನು ಈ ಕೆಲಸಕ್ಕೆ ಸೇರಿದ್ದೇ ಆ ಕೆಂಪು ಹೇಗೆ ಮಾಡಿದ್ರು ಅಂತ ತಿಳ್ಕೊಳ್ಳೋಕೆ. ಅದೇ ಸುಳ್ಳಾದ್ರೆ ನಾನು ನಾಳೆಯಿಂದ ಯಾವ ಮುಖ ಇಟ್ಕೊಂಡು ಶಾಯಿ ಬೆರೆಸ್ಲಿ?" ಅವಳು ಚೀಲದಿಂದ ಬ್ಲೇಡು ತೆಗೆದು ಮೇಜಿನ ಮೇಲಿಟ್ಟಳು. "ಒಳಗೂ ನೀಲಿ ಇದ್ರೆ ರೆಕಾರ್ಡು ನಿಂದೇ. ಪೂರ್ತಿ. ಇನ್ನು ಕೇಳೋದಿಲ್ಲ."

"ಕೆಂಪಿದ್ರೆ?"

"ಕೆಂಪಿದ್ರೆ ನಂಗೇನೂ ಬೇಡ. ಸೋಮವಾರ ಕೆಂಪು ಹೊಡೀತೀನಿ, ಅಷ್ಟೇ."

ಹಾಡು ಮುಗಿದು ಸೂಜಿ ಖಾಲಿ ಗೀರಿನಲ್ಲಿ ಕರಕರ ಎನ್ನುತ್ತಿತ್ತು. ಅಣ್ಣ ಅದನ್ನು ಎತ್ತಿಟ್ಟು, ಗೋಡೆಯಿಂದ ಚೌಕಟ್ಟು ಇಳಿಸಿದ. ಹಿಂದಿನ ಮೊಳೆಗಳನ್ನು ತಾನೇ ಬಿಡಿಸಿದ. ಕವರನ್ನು ಮೇಜಿನ ಮೇಲೆ ಬೋರಲು ಹಾಕಿ ಎರಡೂ ಅಂಗೈಗಳಿಂದ ಅದುಮಿ ಹಿಡಿದು, "ಕೈ ಗಟ್ಟಿ ಇದೆ ತಾನೆ?" ಎಂದ.

"ನಿಂಗಿಂತ."

ಹಳೆಯ ಅಂಟು ಒಣಗಿ ಹಪ್ಪಳದಂತಾಗಿತ್ತು. ಬ್ಲೇಡಿನ ಮೂಲೆ ತೂರಿಸಿ ಅವಳು ಕೂದಲೆಳೆಯಷ್ಟೇ ಜರುಗಿಸುತ್ತ ಹೋದಳು. ಮೊದಲ ಗೇಣು ಸಲೀಸಾಗಿ ಬಂತು. ಸಹಿಯ ಹತ್ತಿರ ಮೂಳೆಯ ಪಟ್ಟಿ ಹಿಡಿದಳು. ಸಹಿಯ ಕೊನೆಯಲ್ಲಿ ಅಂಟು ಒಂದು ಕಡೆ ಬಲವಾಗಿ ಕಚ್ಚಿತ್ತು. ಚರ್ ಎಂದಿತು. ಡ್ರಮ್ಮಿನವನ ಹೆಸರಿನ ಉದ್ದನೆಯ ಬಾಲ ಚೂರು ಕಿತ್ತು ಬ್ಲೇಡಿಗಂಟಿತು.

"ಅಯ್ಯೋ," ಎಂದ ಅಣ್ಣ, ತೀರಾ ಸಣ್ಣ ದನಿಯಲ್ಲಿ.

ಅವಳು ನಿಲ್ಲಿಸಲಿಲ್ಲ. ಇಲ್ಲಿಗೆ ನಿಲ್ಲಿಸಿದರೆ ಆ ಬಾಲ ಹೋದದ್ದೂ ದಂಡ. ಕಡೆಯ ಮೂಲೆ ಬಿಡಿಸಿ, ಮಡಿಕೆಯನ್ನು ಹೊರಕ್ಕೆ ಹೊರಳಿಸಿದಳು.

ಕೆಂಪು. ಬೆಂಕಿಯ ಕೆಂಪಲ್ಲ, ರಕ್ತದ ಕೆಂಪೂ ಅಲ್ಲ. ಆಗತಾನೇ ಗೂಡಿನಿಂದ ತೆಗೆದ ಇಟ್ಟಿಗೆಯ ಕೆಂಪು, ಅಂಚಿನಲ್ಲಿ ಹಳದಿ ಬೆರೆತದ್ದು. ಬೆರಳಗಲದ ಪಟ್ಟಿ, ಈ ಕೊನೆಯಿಂದ ಆ ಕೊನೆಗೆ, ನಿನ್ನೆ ಮಷಿನಿನಿಂದ ಇಳಿದಂತಿತ್ತು. ಅದರ ಪಕ್ಕದಲ್ಲೇ ಮುಂಬದಿಯ ನೀಲಿ ಆಕಾಶ ಬೂದಿಬಡಿದು ಮಲಗಿತ್ತು. ಬಣ್ಣದಕ್ಕನಿಗೆ ಅಳು ಬಂತು. ಅತ್ತಳು, ಮೂಗೊರೆಸಿಕೊಂಡಳು, ಅದರ ನಡುವೆಯೇ ತುಟಿ ಲೆಕ್ಕ ಶುರುಮಾಡಿತ್ತು: ಹಳದಿ ಮೂರು, ಕೆಂಪು ಎರಡು, ನೀಲಿ ಅರ್ಧ.

ಅಣ್ಣ ತನ್ನ ಭೂತಗನ್ನಡಿ ತಂದು ಪಟ್ಟಿಯ ಮೇಲೆ ಹಿಡಿದ. ಈ ಕೊನೆಯಿಂದ ಆ ಕೊನೆಯವರೆಗೆ ನೋಡಿದ, ಮತ್ತೆ ಹಿಂದಕ್ಕೆ ಬಂದ. "ಕೆಂಪು," ಎಂದ. ಸ್ವಲ್ಪ ಹೊತ್ತಿನ ಮೇಲೆ, "ಅಂಗಡಿಯವನು ಕಾಗದ ಬಿಚ್ಚಿದಾಗ ನೀನು ಬೆಂಕಿ ಬಿದ್ದಿದೆ ಅಂದಿದ್ದೆ. ನಾನು ನಕ್ಕಿದ್ದೆ," ಎಂದ.

ಆಮೇಲೆ ತಲೆಯೆತ್ತಿ ಗೋಡೆಯನ್ನು ನೋಡಿದ. ಚೌಕಟ್ಟು ಇದ್ದ ಜಾಗ ಚೌಕಾಕಾರವಾಗಿ ಹೊಸ ಬಣ್ಣದಲ್ಲಿತ್ತು, ಸುತ್ತಲಿನ ಗೋಡೆ ಸುಣ್ಣದಂತೆ ಬಿಳಿಚಿತ್ತು. ಆ ಹೊಸ ಚೌಕದ ಮೇಲೆ ಈಗ ಬಿಸಿಲು ಬಿದ್ದಿತ್ತು. ಅವನು ತಿರುಗಿ ಕಿಟಕಿ ನೋಡಿದ.

ಅಣ್ಣ ಎದ್ದು ಕಿಟಕಿಯ ಹತ್ತಿರ ಹೋದ. ಪರದೆ ಎಷ್ಟೋ ವರ್ಷಗಳಿಂದ ಒಂದೇ ಮೂಲೆಯಲ್ಲಿ ಮುದುಡಿ ನಿಂತಿದ್ದರಿಂದ ಅದರ ಬಳೆಗಳು ತುಕ್ಕು ಹಿಡಿದು ಸರಳಿಗೆ ಕಚ್ಚಿಕೊಂಡಿದ್ದವು. ಜಗ್ಗಿದ, ಬರಲಿಲ್ಲ. ಸ್ಟೂಲು ಎಳೆದುಕೊಂಡು ಹತ್ತಿ, ಒಂದೊಂದೇ ಬಳೆಯನ್ನು ಕೈಯಿಂದ ತಳ್ಳುತ್ತ, ಇಡೀ ಕಿಟಕಿ ಮುಚ್ಚುವವರೆಗೆ ಪರದೆ ಎಳೆದ.

ಬಣ್ಣ ಅಳೆಯಲು ಅವಳಿಗೆ ಹಗಲಿನ ಬೆಳಕು ಬೇಕಿತ್ತು. ಪರದೆ ತೆಗೆ ಎಂದು ಅವಳು ಹೇಳಲಿಲ್ಲ. ಮೇಜಿನ ಮೇಲೆ ತಡವರಿಸಿ, ಬ್ಲೇಡಿಗೆ ಅಂಟಿದ್ದ ಸಹಿಯ ಬಾಲವನ್ನು ಉಗುರಿನಿಂದ ಬಿಡಿಸಿ, ಲಕೋಟೆಯೊಳಗೆ ಹಾಕಿ, ಅಣ್ಣ ಸ್ಟೂಲಿನಿಂದ ಇಳಿಯುವುದನ್ನು ಕಾಯುತ್ತ ಕುಳಿತಳು.