ಸಿದ್ಧಾಂತನಿಗೆ ಬದಲು

ಮಾತುಕತೆ ಶುರುವಾದ ಇಪ್ಪತ್ತೆರಡನೆಯ ದಿನ ಗುರುಬಸಪ್ಪನ ತಾಳ್ಮೆ ತಳ ಕಂಡಿತು. ಸಿಂಗಾಪುರದ ಕಾಕಿ ಬುಕಿತ್‌ನ ಗೋದಾಮಿನಲ್ಲಿ ಪೆಟ್ಟಿಗೆಗಳ ನಡುವೆ ನಿಂತು, ಒಂದು ಕೈಯಲ್ಲಿ ಡೆಲಿವರಿ ಚೀಟಿ, ಇನ್ನೊಂದರಲ್ಲಿ ಮೊಬೈಲು ಹಿಡಿದುಕೊಂಡು, ಅವನು ಆನಂದಕುಮಾರನಿಗೆ ಆ ದಿನದ ನಾಲ್ಕನೆಯ ಫೋನು ಮಾಡಿದ.

"ಏನಾಯ್ತು ಆನಂದ್? ಪಾಸಿರ್ ರಿಸ್‌ನೋರು ಏನಂದ್ರು?"

"ಇನ್ನೂ ಡಿಸ್ಕಸ್ ಮಾಡ್ತಿದೀವಿ ಅಂಕಲ್."

"ನಿನ್ನೇನೂ ಇದನ್ನೇ ಅಂದ್ರಿ."

"ನಿನ್ನೇನೂ ಡಿಸ್ಕಸ್ಸೇ ಮಾಡ್ತಿದ್ವಿ ಅಂಕಲ್."

ಸಿಂಗಾಪುರದ ಕನ್ನಡದ ಮನೆಗಳ ಹುಡುಗರು ಸೇರಿ ಕಟ್ಟಿಕೊಂಡ ಬಾಸ್ಕೆಟ್‌ಬಾಲ್ ಲೀಗು ಅದು. ಆರು ಬಡಾವಣೆಗಳ ಆರು ತಂಡಗಳು. ಭಾನುವಾರ ಬಂತೆಂದರೆ ಕಲ್ಲಾಂಗ್‌ನ ಕೋರ್ಟಿನಲ್ಲಿ ಆಟ, ಆಮೇಲೆ ಡಬ್ಬಿ ಬಿಚ್ಚಿ ಊಟ. ಕಾಕಿ ಬುಕಿತ್ ತಂಡದ ನಾಯಕ ಆನಂದಕುಮಾರ. ತಂಡ ಕಪ್ಪನ್ನು ಕೈಯಲ್ಲಿ ಹಿಡಿದು ಎಂದೂ ಕಂಡದ್ದಿಲ್ಲ. ನಾಲ್ಕು ವರ್ಷದಿಂದ ಅದು ಬೇರೆಯವರ ಶೋಕೇಸಿನಲ್ಲಿ ಹೊಳೆಯುವುದನ್ನು ಕಂಡದ್ದಷ್ಟೇ.

ಪಾಸಿರ್ ರಿಸ್ ತಂಡದಲ್ಲಿದ್ದವನು ಸಿದ್ಧಾಂತ. ಆರು ಅಡಿ ಮೂರಂಗುಲ. ಕಥೆಯ ರಾಜಕುಮಾರ ಕುದುರೆಯಿಂದ ಇಳಿಯದೆಯೇ ಕೋಟೆಯ ನೆತ್ತಿಯ ಹೂವು ಕೀಳುತ್ತಾನಲ್ಲ, ಅಷ್ಟು ಸಲೀಸಾಗಿ ಅವನು ಚೆಂಡನ್ನು ಬುಟ್ಟಿಗಿಳಿಸುತ್ತಿದ್ದ. ಈ ವರ್ಷ ಅವನ ಆಫೀಸು ಕಾಕಿ ಬುಕಿತ್‌ಗೆ ಶಿಫ್ಟ್ ಆಗಿತ್ತು. "ನಿಮ್ಮ ಟೀಮಿಗೇ ಬರ್ತೀನಿ" ಎಂದು ಅವನೇ ಬಾಯಿಬಿಟ್ಟು ಹೇಳಿದ್ದ. ಆದರೆ ಲೀಗಿನ ನಿಯಮವೊಂದಿತ್ತು: ಒಬ್ಬರನ್ನು ಪಡೆದರೆ ಬದಲಿಗೆ ಒಬ್ಬರನ್ನು ಕೊಡಬೇಕು, ಕೊಡುವವರ ಹೆಸರು ತಂಡದ ಪಟ್ಟಿಯಲ್ಲಿರಬೇಕು. ಬರುವ ಭಾನುವಾರ ಸಂಜೆ ಆರಕ್ಕೆ ಪಟ್ಟಿ ಮುಚ್ಚುತ್ತದೆ. ಆಮೇಲೆ ಬ್ರಹ್ಮ ಬಂದರೂ ಹೆಸರು ಬದಲಾಗದು.

"ಅವರು ಯಾರನ್ನ ಕೇಳ್ತಾರ ಹೇಳ್ರಿ," ಎಂದ ಗುರುಬಸಪ್ಪ. ಸಿಟ್ಟು ಬಂದಾಗ ಅವನ ಬೆಂಗಳೂರು ಕನ್ನಡ ಜಾರಿ ಬಾಗಲಕೋಟೆಗೆ ಹೋಗಿಬಿಡುತ್ತಿತ್ತು. "ಕೇಶವನ್ನ ಕೇಳಿದ್ರ ಕೇಶವನ್ನ ಕೊಡ್ರಿ. ಪ್ರಹ್ಲಾದನ್ನ ಕೇಳಿದ್ರ ಪ್ರಹ್ಲಾದನ್ನ ಕೊಡ್ರಿ. ಯಾರಾದ್ರೇನು? ಸಿದ್ಧಾಂತನ ಮುಂದ ಅದೇನ ದೊಡ್ಡ ಮಾತು?"

"ಸ್ವಲ್ಪ ಕಷ್ಟ ಇದೆ ಅಂಕಲ್," ಎಂದು ಆನಂದಕುಮಾರ ಫೋನಿಟ್ಟ.

ಈ ಗುರುಬಸಪ್ಪನೇನು ಆಟಗಾರನೇ? ಅಲ್ಲ. ವಯಸ್ಸು ಐವತ್ಮೂರು, ಗೋದಾಮಿನ ಸೂಪರ್‌ವೈಸರು. ಪಂದ್ಯದಲ್ಲಿ ಚೆಂಡು ಅವನ ಕೈಗೆ ಬಂದದ್ದು ಒಂದೇ ಸಲ, ಅದೂ ಗೆರೆಯಾಚೆ ಹೋದಾಗ. ಅವನು ತಂಡದ ಹಲಗಿ. ಬಾಗಲಕೋಟೆಯ ಹೋಳಿ ಹುಣ್ಣಿಮೆಯಲ್ಲಿ ಓಣಿ ಓಣಿ ಬಾರಿಸಿ ಬೆಳೆದ ಕೈ ಅವನದು. ಊರಿಂದ ತಂದ ಹಲಗಿಯನ್ನು ಪ್ರತಿ ಪಂದ್ಯಕ್ಕೂ ಹೊತ್ತು ಹೋಗುತ್ತಿದ್ದ. ಈ ದೇಶದ ಗಾಳಿಯ ತೇವಕ್ಕೆ ತೊಗಲು ಸಡಿಲಾಗುತ್ತದೆ. ಊರಲ್ಲಾಗಿದ್ದರೆ ಹುಲ್ಲಿಗೆ ಬೆಂಕಿಯಿಟ್ಟು ಕಾಯಿಸಬಹುದಿತ್ತು, ಇಲ್ಲಿ ಕೋರ್ಟಿನ ಪಕ್ಕ ಬೆಂಕಿ ಹಾಕಿದರೆ ಪೊಲೀಸರು ಬರುತ್ತಾರೆ. ಹಾಗಾಗಿ ಮಗಳು ಅಕ್ಷತಾ ಹೇರ್ ಡ್ರೈಯರ್ ಹಿಡಿದು ಕಾಯಿಸಿಕೊಡುತ್ತಿದ್ದಳು. ಮೂರು ವರ್ಷದ ಹಿಂದೆ ರೆಫರಿಯೊಬ್ಬ, ಪಟ್ಟಿಯಲ್ಲಿ ಹೆಸರಿಲ್ಲದವರು ತಂಡದ ಬೆಂಚಿನಲ್ಲಿ ಕೂರುವಂತಿಲ್ಲ ಎಂದು ಇವನನ್ನು ಎಬ್ಬಿಸಿದ. ಗುರುಬಸಪ್ಪ ಹಟ ಹಿಡಿದು ಪಟ್ಟಿಯಲ್ಲಿ ಹೆಸರು ಬರೆಸಿಕೊಂಡ. ಹದಿನೈದನೆಯ ನಂಬರು, ಹೊಟ್ಟೆಗೆ ಸ್ವಲ್ಪ ಬಿಗಿಯಾದ ಹಳದಿ ಜರ್ಸಿ.

ಆ ಹಲಗಿಯೇನು ಸಾಮಾನ್ಯವೇ! ಎದುರಾಳಿ ಹುಡುಗ ಫ್ರೀ ಥ್ರೋಗೆ ನಿಂತಿರುತ್ತಾನೆ. ಅಡ್ಡ ಬರುವವರಿಲ್ಲ, ಹಣೆಯ ಬೆವರು ಒರೆಸಿಕೊಂಡು ಆರಾಮಾಗಿ ಎಸೆಯಬಹುದು. ಆಗ ಬೆಂಚಿನಿಂದ ಸಣ್ಣಗೆ ಶುರುವಾಗುತ್ತದೆ ಹಲಗಿ. ಹುಡುಗನ ಎದೆಬಡಿತ ಅದರ ಜೊತೆ ಹೆಜ್ಜೆ ಹಾಕುತ್ತದೆ. ಅವನು ಚೆಂಡು ಬಿಡುವ ಹೊತ್ತಿಗೆ ಸರಿಯಾಗಿ ಗುರುಬಸಪ್ಪ ಒಂದು ಪೆಟ್ಟು ನುಂಗಿಬಿಡುತ್ತಾನೆ. ಬರಬೇಕಾದ ಪೆಟ್ಟು ಬರುವುದಿಲ್ಲ, ಹುಡುಗನ ಕೈ ಅಲ್ಲೇ ತಡವರಿಸುತ್ತದೆ. ಹೋದ ವರ್ಷ ಪಾಸಿರ್ ರಿಸ್‌ನವರು ಒಂದೇ ಪಂದ್ಯದಲ್ಲಿ ಒಂಬತ್ತು ಫ್ರೀ ಥ್ರೋ ಕಳೆದುಕೊಂಡಿದ್ದರು.

ಶುಕ್ರವಾರ ಸಂಜೆ ಮನೆಗೆ ಬಂದವನೇ ಅವನು ಅಕ್ಷತಾಳನ್ನು ಕಂಪ್ಯೂಟರ್ ಮುಂದೆ ಕೂರಿಸಿದ. ಲೀಗಿನ ಇ-ಮೇಲ್ ಗ್ರೂಪಿಗೆ ಒಂದು ಖಾರದ ಪತ್ರ ಹೋಗಬೇಕಿತ್ತು.

ಅಡಿಗೆಮನೆಯಿಂದ ಹೆಂಡತಿ ಮುರಿಗೆವ್ವ ಕೂಗಿದಳು. "ಮೂರು ವಾರ ಆತಲ್ರೀ. ನಮ್ಮ ಮದವಿ ಮಾತುಕತಿ ಒಂದ ಮಧ್ಯಾಹ್ನದಾಗ ಮುಗದಿತ್ತು."

"ಅವಸರಾ ಮಾಡಿದ್ದಕ್ಕ ಅನುಭವಿಸಾಕತ್ತೇನಿ," ಎಂದ ಗುರುಬಸಪ್ಪ. ಒಳಗೆ ಸೌಟು ಜೋರಾಗಿ ಸದ್ದು ಮಾಡಿತು. ಅವನು ಮಗಳ ಕಡೆ ತಿರುಗಿದ. "ಬರಿ. 'ನಮ್ಮ ಕ್ಯಾಪ್ಟನ್ನಿಗೆ ಧೈರ್ಯ ಸಾಲದು. ಪಾಸಿರ್ ರಿಸ್‌ನವರು ಕೇಳಿದವರನ್ನು ಕೊಟ್ಟು ಸಿದ್ಧಾಂತನನ್ನು ತರಬೇಕು. ಯಾವನೋ ಒಬ್ಬನ ಸಲುವಾಗಿ ಇಡೀ ತಂಡ ಮುಳುಗಬಾರದು.' ಬರದೇನು?"

ಅಕ್ಷತಾಳ ಬೆರಳು ನಿಂತಿತ್ತು. "ಅಪ್ಪಾ, ಇದನ್ನ ಕಳಿಸೋದು ಬೇಡ ಲಾ." ಸಿಂಗಾಪುರದವರ ಆ 'ಲಾ' ಅವಳ ಕನ್ನಡದ ಬಾಲಕ್ಕೂ ಅಂಟಿತ್ತು.

"ಯಾಕ?"

"ಆ ಯಾವನೋ ಒಬ್ಬ ನೀನೇ."

ಗುರುಬಸಪ್ಪ ಕನ್ನಡಕ ತೆಗೆದ, ಒರೆಸಿದ, ಮತ್ತೆ ಹಾಕಿಕೊಂಡ.

"ಪದ್ಮಜಾ ಆಂಟಿ ಫಸ್ಟ್ ಡೇಯಿಂದ ನಂಬರ್ ಫಿಫ್ಟೀನೇ ಬೇಕು ಅಂತ ಕೂತಿದಾರೆ," ಎಂದಳು ಅಕ್ಷತಾ. ಪದ್ಮಜಾ ಪಾಸಿರ್ ರಿಸ್ ತಂಡದ ಮ್ಯಾನೇಜರು. "ಸಿದ್ಧಾಂತನ್ನೂ ಕೊಟ್ಟು ಆಮೇಲೆ ನಿನ್ನ ಹಲಗಿನೂ ಫೇಸ್ ಮಾಡೋಕಾಗಲ್ಲ ಅಂತೆ. ಟೀಮಲ್ಲಿ ವೋಟ್ ಆಯ್ತು. ಎಲ್ಲಾರೂ ನೋ ಅಂದ್ರು. ಆನಂದ್ ಅಂಕಲ್ ನಿನಗೆ ಹೇಳ್ಬೇಡ ಅಂದಿದ್ರು, ಬೇಜಾರಾಗ್ತಾರೆ ಅಂತ. ನಿನ್ನ ಬದಲು ಇಬ್ಬರು ಪ್ಲೇಯರ್ಸ್ ಕೊಡ್ತೀವಿ ಅಂದ್ರೂ ಆಂಟಿ ಒಪ್ಪಲಿಲ್ಲ."

"ಇಬ್ಬರು?"

"ಇಬ್ಬರು."

ಮುರಿಗೆವ್ವ ಸೌಟು ಹಿಡಿದುಕೊಂಡೇ ಹೊರಗೆ ಬಂದಳು. "ಈ ವಯಸ್ಸಿನಾಗ ನಿಮ್ಮನ್ನ ಕೇಳಿಕೊಂಡ ಬಂದಾರಂದ್ರ ಪುಣ್ಯಾ ಮಾಡೀರಿ. ಎತ್ತರ ಎಷ್ಟ ಅಂತ ಕೇಳಿಲ್ಲೇನ?"

ಮರುದಿನ ಗುರುಬಸಪ್ಪ ಆನಂದಕುಮಾರನಿಗೆ ಒಂದೂ ಫೋನು ಮಾಡಲಿಲ್ಲ. ಗೋದಾಮಿನಲ್ಲಿ ಎಂದಿಗಿಂತ ನೆಟ್ಟಗೆ ಓಡಾಡಿದ. ಇಬ್ಬರು ಆಟಗಾರರ ತೂಕದ ಮನುಷ್ಯ ತಾನು! ಆದರೆ ಮಧ್ಯಾಹ್ನದ ಊಟದ ಹೊತ್ತಿಗೆ ಬೇರೆ ಚಿತ್ರ ಕಣ್ಣಿಗೆ ಕಟ್ಟಿತು. ಪಾಸಿರ್ ರಿಸ್‌ನವರ ನೀಲಿ ಜರ್ಸಿ, ಎದುರು ಬೆಂಚಿನಲ್ಲಿ ತಾನು, ಈಚೆ ಬೆಂಚಿನಲ್ಲಿ ತಾನು ಕೂರುತ್ತಿದ್ದ ಜಾಗ ಖಾಲಿ. ಡಬ್ಬಿಯನ್ನು ಅರ್ಧಕ್ಕೇ ಮುಚ್ಚಿದ. ಸಿದ್ಧಾಂತ ಬರದಿದ್ದರೂ ಚಿಂತೆಯಿಲ್ಲ, ಇನ್ನೊಂದು ವರ್ಷ ಸೋತರೆ ಸೋಲಲಿ ಎಂದುಕೊಂಡ.

ಭಾನುವಾರ ಬೆಳಿಗ್ಗೆ ತಂಡದ ಪ್ರಾಕ್ಟೀಸು ನೋಡಲು ಹೋದ. ಅಲ್ಲಿ ಆನಂದಕುಮಾರ ಮೊಣಕಾಲಿಗೆ ಪಟ್ಟಿ ಸುತ್ತಿಕೊಳ್ಳುತ್ತಿದ್ದ. ಐದೂವರೆ ಅಡಿಯ ಮನುಷ್ಯ; ತಂಡದಲ್ಲಿ ಎತ್ತರದವರಿಲ್ಲವೆಂದು ನಾಲ್ಕು ವರ್ಷದಿಂದ ಬುಟ್ಟಿಯ ಕೆಳಗೆ ನಿಂತು ಆರಡಿಯವರ ಮೊಣಕೈ ತಿನ್ನುತ್ತಿದ್ದ. ಎರಡು ಸಲ ಹಾರಿದ, ಮೂರನೆಯ ಸಲ ಇಳಿದಾಗ ಕಾಲು ಹಿಡಿದುಕೊಂಡು ಕೂತ. ಡಾಕ್ಟರು ಹಾರಬೇಡಿ ಅಂದಿದ್ದಾರೆ ಎಂದು ಹುಡುಗರು ಪಿಸುಗುಟ್ಟಿದರು.

ಗುರುಬಸಪ್ಪ ಹೋಗಿ ಪಕ್ಕದಲ್ಲಿ ಕೂತ. "ನನ್ನ ಕೊಟ್ಟಬಿಡ್ರಿ ಆನಂದ್."

"ಅಕ್ಷತಾ ಹೇಳಿಬಿಟ್ಲಾ? ಆಗಲ್ಲ ಅಂಕಲ್. ನಿಮ್ಮನ್ನ ಕೊಟ್ಟು ತಗೊಳ್ಳೋ ಕಪ್ ಯಾರಿಗೆ ಬೇಕು?"

"ನನಗ ಬೇಕು," ಎಂದು ಎದ್ದ ಗುರುಬಸಪ್ಪ.

ಮಧ್ಯಾಹ್ನ ನಾಲ್ಕಕ್ಕೆ ಅವನು ಹಲಗಿಯನ್ನು ಹೆಗಲಿಗೆ ಹಾಕಿಕೊಂಡು ಬಸ್ಸು ಹತ್ತಿದ. ಅಕ್ಷತಾ ಬಿಡದೆ ಜೊತೆಗೆ ಬಂದಳು. ಪಾಸಿರ್ ರಿಸ್‌ನ ವಸತಿ ಬ್ಲಾಕಿನ ಹಿಂದಿನ ಕೋರ್ಟಿನಲ್ಲಿ ಪದ್ಮಜಾ ಪಟ್ಟಿಯ ಫೈಲು ಹಿಡಿದು ಮಡಚುವ ಕುರ್ಚಿಯಲ್ಲಿ ಕೂತಿದ್ದಳು. ಸಿದ್ಧಾಂತ ಒಬ್ಬನೇ ಚೆಂಡು ಪುಟಿಸುತ್ತಿದ್ದ.

"ಬನ್ನಿ ಅಂಕಲ್!" ಪದ್ಮಜಾ ಕುರ್ಚಿ ಬಿಟ್ಟುಕೊಟ್ಟಳು. "ಮೂರು ವಾರದಿಂದ ನಿಮ್ಮನ್ನ ಬಿಡಿಸೋಕೆ ಒದ್ದಾಡ್ತಿದೀನಿ. ನೀವೇ ಬಂದ್ಬಿಟ್ರಲ್ಲ."

"ಬಂದೇನಿ. ಸಹಿ ಎಲ್ಲಿ ಹೇಳ್ರಿ."

"ಇಲ್ಲಿ. ನೀವೇನೂ ಕಷ್ಟಪಡೋದು ಬೇಡ. ಬಾರಿಸದಿದ್ರೂ ನಡೆಯುತ್ತೆ, ಸುಮ್ನೆ ನಮ್ಮ ಬೆಂಚಲ್ಲಿ ಕೂತಿದ್ರೆ ಸಾಕು."

ಗುರುಬಸಪ್ಪ ಪೆನ್ನು ಕೆಳಗಿಟ್ಟ. "ಮುಚ್ಚಿ ಇಡಾಕ ನಾನೇನ ಗೋದಾಮಿನ ಪೆಟ್ಟಿಗಿ ಏನ್ರೀ? ತಗೊಂಡ್ರ ಬಾರಿಸಾಕ ತಗೋರಿ. ಎದುರಿಗೆ ನಮ್ಮ ಕಾಕಿ ಬುಕಿತ್‌ನೋರು ನಿಂತ್ರೂ ಬಾರಿಸ್ತೀನಿ. ಸಹಿ ಅಂದ್ರ ಸಹಿ."

ಚೆಂಡು ಪುಟಿಯುವ ಸದ್ದು ನಿಂತಿತು. ಸಿದ್ಧಾಂತ ಮುಖ ಸಣ್ಣ ಮಾಡಿಕೊಂಡು ಹತ್ತಿರ ಬಂದ.

"ಹಾಗಾದ್ರೆ ನಾನು ಹೋಗಲ್ಲ ಆಂಟಿ."

"ಯಾಕೋ? ನಿನ್ನ ಆಫೀಸು ಅಲ್ಲೇ ಶಿಫ್ಟ್ ಆಗಿದೆ ಅಂತ ನೀನೇ ಕುಣೀತಿದ್ದೆ?"

"ಆಫೀಸು ಒಂದು ನೆಪ ಲಾ. ನಾನು ಅಲ್ಲಿಗೆ ಹೋಗೋದೇ ಅಂಕಲ್ ಹಲಗಿ ನನ್ನ ಕಡೆ ಇರ್ಲಿ ಅಂತ. ಹೋದ ವರ್ಷ ಐದು ಮಿಸ್ ಮಾಡಿದೀನಿ. ಈಗ್ಲೂ ಕನಸಲ್ಲಿ ಕೇಳ್ಸುತ್ತೆ. ಅಂಕಲ್ ಇಲ್ಲಿಗೆ ಬಂದ್ರೆ ನಾನು ಇಲ್ಲೇ ಇರ್ತೀನಿ."

ಎಂಥ ಗಂಟು ನೋಡಿ. ಗುರುಬಸಪ್ಪ ಬಾರದಿದ್ದರೆ ಪದ್ಮಜಾ ಸಿದ್ಧಾಂತನನ್ನು ಬಿಡಳು. ಬಂದರೆ ಸಿದ್ಧಾಂತ ಹೋಗನು. ಬ್ಲಾಕಿನ ನೆರಳು ಕೋರ್ಟನ್ನು ಅರ್ಧ ನುಂಗಿತ್ತು. ಐದು ಗಂಟೆ.

"ಕಾಕಿ ಬುಕಿತ್‌ಗೆ ನಾನು ಬಾರಿಸ್ತೀನಿ," ಎಂದಳು ಅಕ್ಷತಾ.

ಮೂವರೂ ತಿರುಗಿ ನೋಡಿದರು.

"ನಿನಗೆ ಎಲ್ಲಿ ಬರತೈತಿ?" ಎಂದ ಗುರುಬಸಪ್ಪ.

"ಮೂರು ವರ್ಷ ನಿನ್ನ ಬೆಂಚಿನ ಹಿಂದೇನೇ ಕೂತಿಲ್ವಾ? ನೀನು ಗೋದಾಮಿಗೆ ಹೋದಾಗ ಮನೇಲಿ ಬಾರಿಸ್ತೀನಿ. ಅಮ್ಮನಿಗೆ ಗೊತ್ತು."

ಪದ್ಮಜಾ ವ್ಯವಹಾರಸ್ಥೆ. ಸಿದ್ಧಾಂತನನ್ನು ಫ್ರೀ ಥ್ರೋ ಗೆರೆಯಲ್ಲಿ ನಿಲ್ಲಿಸಿ ಐದು ಚೆಂಡು ಎಸೆಯಲು ಹೇಳಿದಳು. ಅಕ್ಷತಾ ಹಲಗಿಯನ್ನು ಎದೆಗೆ ಆತುಕೊಂಡಳು. ಮೊದಲ ಚೆಂಡು ಒಳಗೆ ಹೋಯಿತು. ಗುರುಬಸಪ್ಪ ಕಣ್ಣು ಮುಚ್ಚಿದ. ಎರಡನೆಯದಕ್ಕೆ ಹಲಗಿ ಬೇರೆಯೇ ನಡೆ ಹಿಡಿಯಿತು. ಅವನು ಕಲಿಸಿದ್ದಲ್ಲ, ಬಾಗಲಕೋಟೆಯದೂ ಅಲ್ಲ; ಎಮ್‌ಆರ್‌ಟಿ ರೈಲಿನ ಬಾಗಿಲು ಮುಚ್ಚುವ ಮುಂಚೆ ಓಡುವವರ ಹೆಜ್ಜೆಯಂಥದ್ದು. ಸಿದ್ಧಾಂತನ ಚೆಂಡು ಕಬ್ಬಿಣದ ಬಳೆಗೆ ತಾಗಿ ಆಚೆ ಹಾರಿತು. ಮೂರನೆಯದೂ ಹಾಗೇ. ಐದರಲ್ಲಿ ಮೂರು ತಪ್ಪಿದವು.

"ಓಕೆ, ಓಕೆ. ನಾನು ಇವಳ ಕಡೆ," ಎಂದ ಸಿದ್ಧಾಂತ ಬೆವರು ಒರೆಸಿಕೊಂಡು.

"ಅಂಕಲ್, ಈಗ ನೀವು," ಎಂದಳು ಪದ್ಮಜಾ.

ಗುರುಬಸಪ್ಪ ಹಲಗಿ ತೆಗೆದುಕೊಂಡ. ಐದರಲ್ಲಿ ಐದೂ ತಪ್ಪಿದವು. ಕೊನೆಯದು ಬುಟ್ಟಿಯ ಹತ್ತಿರಕ್ಕೂ ಹೋಗದೆ ಪೊದೆಯಲ್ಲಿ ಬಿತ್ತು.

ಪದ್ಮಜಾ ಮನಸ್ಸಿನಲ್ಲೇ ಲೆಕ್ಕ ಹಾಕಿದಳು. ಐದು ಮೂರಕ್ಕಿಂತ ಹೆಚ್ಚು. ಫೈಲು ಬಿಚ್ಚಿದಳು. ಐದೂಮುಕ್ಕಾಲಿಗೆ ಸಹಿ ಬಿತ್ತು, ಖಾಲಿಯಾದ ಹದಿನೈದನೆಯ ನಂಬರು ಅಕ್ಷತಾಳಿಗೆ ಎಂದ ಮೇಲೆ ಆನಂದಕುಮಾರನೂ ಫೋನಿನಲ್ಲೇ ಈ ಬದಲಿಗೆ ಒಪ್ಪಿ ಲೀಗಿಗೆ ತಿಳಿಸಿದ. ಬಸ್‌ಸ್ಟಾಪಿನಲ್ಲಿ ಗುರುಬಸಪ್ಪ ಹಲಗಿಯನ್ನು ಮಗಳ ಹೆಗಲಿಗೆ ಹಾಕಿದ. "ಇಟ್ಕೋ. ನಾ ಊರಿಂದ ಇನ್ನೊಂದು ತರಸ್ತೀನಿ. ನಿನಗಿಂತ ದೊಡ್ಡದು."

ಲೀಗಿನ ಮೊದಲ ಪಂದ್ಯವೇ ಕಾಕಿ ಬುಕಿತ್‌ಗೂ ಪಾಸಿರ್ ರಿಸ್‌ಗೂ. ಊರಿನ ಹಲಗಿ ಇನ್ನೂ ಬಂದಿರಲಿಲ್ಲ. ಗುರುಬಸಪ್ಪ ನೀಲಿ ಜರ್ಸಿ ತೊಟ್ಟು ಬಿಸ್ಕತ್ತಿನ ಖಾಲಿ ಡಬ್ಬ ಬಾರಿಸಿದ. ಡಬ್ಬಕ್ಕೂ ಸಿದ್ಧಾಂತ ಒಂದು ಫ್ರೀ ಥ್ರೋ ತಪ್ಪಿಸಿದ, ಆದರೆ ಉಳಿದಂತೆ ಬುಟ್ಟಿಯ ಕೆಳಗೆ ಅವನದೇ ರಾಜ್ಯ. ಆನಂದಕುಮಾರ ಕಾಲು ಚಾಚಿ ಬೆಂಚಿನಲ್ಲಿ ಕೂತು ಕೂಗುತ್ತಿದ್ದ.

ಕೊನೆಯ ನಿಮಿಷ, ಕಾಕಿ ಬುಕಿತ್ ಒಂದು ಅಂಕ ಮುಂದೆ. ಪಾಸಿರ್ ರಿಸ್‌ನ ಹುಡುಗ ಎರಡು ಫ್ರೀ ಥ್ರೋಗೆ ನಿಂತ. ಎರಡೂ ಬಿದ್ದರೆ ಗೆಲುವು ನೀಲಿಯವರದು. ಎದುರು ಬೆಂಚಿನಲ್ಲಿ ಅಕ್ಷತಾ ಶುರು ಮಾಡಿದಳು. ಕೈ ಬಿಗಿಯಾಗಿತ್ತು. ಮೊದಲ ಚೆಂಡು ಬಲೆಯೊಳಗೆ ಇಳಿಯಿತು, ಅಂಕ ಸಮ. ನೀಲಿಯವರೆಲ್ಲ ಕುಣಿದರು.

"ಮುಂಗೈ ಸಡಿಲ ಬಿಡು!" ಗುರುಬಸಪ್ಪ ಎದ್ದು ನಿಂತು ಕೋರ್ಟಿನಾಚೆಗೆ ಗರ್ಜಿಸಿದ. "ಅವಸರ ಮಾಡಬ್ಯಾಡ, ಅವನ ಉಸಿರು ನೋಡು!"

"ಅಂಕಲ್! ನೀವು ನಮ್ಮ ಕಡೆ!" ಪದ್ಮಜಾ ಅವನ ಜರ್ಸಿ ಹಿಡಿದು ಜಗ್ಗಿದಳು.

"ಹೌದ್ರೀ, ಮರತೆ," ಎಂದು ಅವನು ಕೂತ.

ಅಕ್ಷತಾ ಮುಂಗೈ ಸಡಿಲ ಬಿಟ್ಟಳು. ಹಲಗಿ ಸಣ್ಣಗೆ ಎದ್ದಿತು, ಹುಡುಗನ ಹೆಗಲಿನ ಜೊತೆ ಏರಿತು, ಅವನು ಚೆಂಡು ಬಿಡುವ ಹೊತ್ತಿಗೆ ಸರಿಯಾಗಿ ಒಂದು ಪೆಟ್ಟು ಬರಲೇ ಇಲ್ಲ. ಚೆಂಡು ಬಳೆಯ ಮೇಲೆ ಎರಡು ಸುತ್ತು ಸುತ್ತಿ ಹೊರಗೆ ಬಿತ್ತು. ಸಿದ್ಧಾಂತ ಅದನ್ನು ಬಾಚಿಕೊಂಡು ಆ ತುದಿಗೆ ಓಡಿ ಬುಟ್ಟಿಗಿಳಿಸುವುದಕ್ಕೂ ಕೊನೆಯ ಸೀಟಿ ಊದುವುದಕ್ಕೂ ಸರಿಹೋಯಿತು.

ಗುರುಬಸಪ್ಪ ಎರಡೂ ಅಂಗೈಗಳನ್ನು ತೊಡೆಯ ಕೆಳಗೆ ಸಿಕ್ಕಿಸಿಕೊಂಡು, ಪದ್ಮಜಾಳ ಕಡೆ ನೋಡದೆ, ಸೋತ ಕಡೆಯವರಿಗೆ ಒಪ್ಪುವಂಥ ಮುಖ ಮಾಡಿಕೊಳ್ಳಲು ಬಹಳ ಕಷ್ಟಪಟ್ಟ.