ಏಳು ಸಂಪು

ಶಿವಾನಿಯ ಐದನೇ ಹುಟ್ಟುಹಬ್ಬಕ್ಕೆ ಪಕ್ಕದ ಮನೆಯ ಬೈರಮ್ಮ ಉಡುಗೊರೆಗಿಂತ ಮೊದಲು ದೂರು ಹೊತ್ತು ಬಂದರು. ಜೀವನ್ ಬಿಮಾ ನಗರದ ಆ ಬೀದಿಯಲ್ಲಿ ಅವರ ಕಣ್ಣು ತಪ್ಪಿಸಿ ಬೆಕ್ಕು ಕೂಡ ಅಡ್ಡ ಹೋಗುವಂತಿಲ್ಲ. ಕೆ.ಆರ್. ಪುರದ ಮಗಳ ಮನೆಯಲ್ಲಿ ಒಂದು ತಿಂಗಳಿದ್ದು ನಿನ್ನೆಯಷ್ಟೇ ಹಿಂತಿರುಗಿದ್ದರು, ಹೊಟ್ಟೆಯಲ್ಲಿ ತಿಂಗಳ ಮಾತು ಹಾಗೇ ಉಳಿದಿತ್ತು.

"ನಿಮ್ಮತ್ತೆಗೆ ಸ್ವಲ್ಪ ಹೇಳು ರಶ್ಮಿ. ನಾನು ಮಗಳ ಮನೆಗೆ ಹೋಗೋ ಮುಂಚೆ ಈ ಮಗೂನ ಕರ್ಕೊಂಡು ಮನೆಮನೆ ನೀರಿನ ಸಂಪಿನ ಮುಚ್ಚಳ ತೆಗ್ಸಿ ಒಳಗೆ ಇಣುಕಿಸ್ತಿದ್ರು. ಕಾಲು ಜಾರಿದ್ರೆ ಏನು ಗತಿ?"

ಬಲೂನು ಕಟ್ಟುತ್ತಿದ್ದ ರಶ್ಮಿಗೆ ನಗು ಬಂತು. ಅತ್ತೆ ಪಾರ್ವತೆವ್ವ ಗದಗದ ಕಡೆಯವರು. ಮಗ ಪ್ರಭುಲಿಂಗ, ಸೊಸೆ ಇಬ್ಬರೂ ಆಫೀಸಿಗೆ ಹೊರಟರೆಂದರೆ ಶಿವಾನಿ, ಅವಳ ಒಂದೂವರೆ ವರ್ಷದ ತಮ್ಮ ಚನ್ನು ಸಂಜೆಯವರೆಗೆ ಅಜ್ಜಿಯ ಪಾಲು. ಮೊಮ್ಮಕ್ಕಳೆಂದರೆ ಜೀವ ಬಿಡುತ್ತಾರೆ, ಅದರಲ್ಲಿ ಎರಡು ಮಾತಿಲ್ಲ. ಆದರೆ ಮನೆಯಲ್ಲಿ ಏನೇ ಆದರೂ ಯಾರಿಗೂ ಹೇಳದೆ ತಾವೇ ನಿಭಾಯಿಸಿಬಿಡಬೇಕು, ಆ ಹಟ ಒಂದು.

"ಇನ್ನೊಂದು ವಿಷ್ಯ," ಬೈರಮ್ಮ ದನಿ ತಗ್ಗಿಸಿದರು. "ನಿಮ್ಮ ಗುಂಡ ಓಡಿಹೋಯ್ತು ಅಂತಿದ್ರಲ್ಲ, ಅವತ್ತೇ ಪಾರ್ಕ್ ಹಿಂದೆ ಸತ್ತುಬಿದ್ದಿತ್ತಂತೆ. ಜೊಲ್ಲು ಸುರಿಸ್ಕೊಂಡು ಕಂಡಕಂಡಿದ್ದಕ್ಕೆಲ್ಲ ಬಾಯಿ ಹಾಕ್ತಿತ್ತಂತೆ. ಮಗೂಗೆ ಹೇಳ್ಬೇಡ, ಹಬ್ಬದ ದಿನ."

ಗುಂಡ ಎಂದರೆ ಶಿವಾನಿ ಬೀದಿಯಿಂದ ಎತ್ತಿಕೊಂಡು ಬಂದಿದ್ದ ಕಂದು ನಾಯಿಮರಿ. ಅದಕ್ಕೆ ಇಂಜೆಕ್ಷನ್ ಹಾಕಿಸಬೇಕೆಂದು ಗಂಡ ಹೆಂಡತಿ ಪ್ರತಿ ಭಾನುವಾರ ಅಂದುಕೊಂಡಿದ್ದೇ ಬಂತು. ಭಾನುವಾರಗಳಿಗೆ ಬೇರೆ ಕೆಲಸವಿತ್ತು.

ರಶ್ಮಿಯ ಕೈಯಿಂದ ದಾರ ಜಾರಿತು. ನಾಯಿ ಕಚ್ಚಿದರೆ ಏಳು ಬಾವಿ ಇಣುಕಿ ನೋಡಬೇಕು, ವಿಷ ಇಳಿಯುತ್ತದೆ ಎಂದು ಹುಬ್ಬಳ್ಳಿಯಲ್ಲಿ ಅವಳ ಅಜ್ಜಿಯೂ ಹೇಳುತ್ತಿದ್ದರು. ಆಗ ನಕ್ಕಿದ್ದಳು. ಈಗ ಅಡುಗೆಮನೆಗೆ ಓಡಿದಳು.

ಅಡುಗೆಮನೆಯಲ್ಲಿ ಪಾರ್ವತೆವ್ವ ಶೇಂಗಾ ಹೋಳಿಗೆ ಬೇಯಿಸುತ್ತಿದ್ದರು.

"ಅತ್ತಿ, ಶಿವಾನಿಗೆ ಗುಂಡ ಕಚ್ಚಿತ್ತೇನ್ರಿ?"

ಹೋಳಿಗೆ ಮಗುಚುವ ಕೈ ನಿಂತಿತು. "ಕಚ್ಚೂದಲ್ಲವಾ, ಹಲ್ಲ ತಾಗಿತ್ತು ಅಷ್ಟ. ಸುಣ್ಣ, ಅರಿಶಿಣ ಹಚ್ಚೀನಿ. ಏಳು ಬಾವೀನೂ ತೋರಿಸೀನಿ. ಈ ಊರಾಗ ಬಾವಿ ಎಲ್ಲಿ ಹುಡಕಲಿ? ಸಂಪಿನಾಗ ಇರೂದೂ ನೀರ ಅಲ್ಲೇನು? ನಿಮಗ ಹೇಳಿದ್ರ ಮರೀನ ಹೊರಗ ಹಾಕತಿದ್ರಿ, ಕೂಸು ಅಳತಿತ್ತು."

ರಶ್ಮಿಗೆ ಸಿಟ್ಟು ನೆತ್ತಿಗೇರಿತು. ಬೈಯಲು ಪುರಸೊತ್ತಿರಲಿಲ್ಲ. ಮಗಳ ಹೊಸ ಜರಿ ಲಂಗ ಎತ್ತಿ ನೋಡಿದಳು. ಮೊಣಕಾಲಿನ ಕೆಳಗೆ ಎರಡು ಚುಕ್ಕೆ, ಒಣಗಿ ಕಂದಿಹೋಗಿದ್ದವು. ಕೇಕು ತರಲು ಹೋಗಿದ್ದ ಗಂಡನಿಗಾಗಿ ಕಾಯಲಿಲ್ಲ. ಕೆಳಮನೆಯ ಅಸ್ಗರ್ ಆಟೊ ತೆಗೆದರು. ದಾರಿಯುದ್ದಕ್ಕೂ ಶಿವಾನಿ ಕೇಕು ಬೇಕೆಂದು ಅತ್ತಳು. ಅವಳನ್ನು ತಬ್ಬಿಕೊಂಡ ರಶ್ಮಿ, ಇದೊಂದು ಮಗು ಉಳಿಯಲಿ ಎಂದು ಕಂಡಕಂಡ ದೇವರಿಗೆಲ್ಲ ಹರಕೆ ಹೊತ್ತಳು.

ಆಸ್ಪತ್ರೆಯಲ್ಲಿ ಡಾಕ್ಟರು ಗದರಲಿಲ್ಲ. ಅದಕ್ಕೇ ರಶ್ಮಿಗೆ ಇನ್ನಷ್ಟು ಹೆದರಿಕೆಯಾಯಿತು.

"ತುಂಬಾ ತಡವಾಗಿದೆ. ಆದ್ರೆ ಈ ಮಗೂಗೆ ಇನ್ನೂ ರೇಬೀಸ್ ಲಕ್ಷಣ ಏನೂ ಇಲ್ಲ. ಇವತ್ತೇ ಶುರು ಮಾಡ್ಬಿಡೋಣ." ಸೂಜಿ ಚುಚ್ಚಿ ಮುಗಿಸಿ ಕೇಳಿದರು, "ಮನೇಲಿ ಬೇರೆ ಯಾರಿಗಾದ್ರೂ ಕಚ್ಚಿತ್ತಾ?"

"ಇಲ್ಲ ಡಾಕ್ಟ್ರೇ."

ಚುಚ್ಚಿದ ತೋಳನ್ನು ಒತ್ತಿಕೊಂಡು ಬಿಕ್ಕುತ್ತಿದ್ದ ಶಿವಾನಿ ತಲೆ ಎತ್ತಿದಳು. "ಚನ್ನೂಗೆ ಕಚ್ಚಿತ್ತು ಅಮ್ಮಾ. ನನಗಿಂತ ಮೊದ್ಲು. ಇಲ್ಲಿ, ಕಿವಿ ಹಿಂದೆ. ಅಜ್ಜಿ ಸ್ನಾನಕ್ಕೆ ಹೋಗಿದ್ರು. ನೀವು ಗುಂಡನ್ನ ಕಳಿಸ್ಬಿಡ್ತೀರ ಅಂತ ನಾನು ಯಾರಿಗೂ ಹೇಳ್ಲಿಲ್ಲ." ಆಮೇಲೆ ಏನೋ ಹೊಳೆದವಳಂತೆ ಜೋರಾಗಿ ಅಳಲು ಶುರು ಮಾಡಿದಳು. "ಅವ್ನು ಒಂದೂ ಬಾವಿ ನೋಡಿಲ್ಲ!"

ಡಾಕ್ಟರು ಕೈಯಲ್ಲಿದ್ದುದನ್ನು ಕೆಳಗಿಟ್ಟರು. "ಆ ಮಗು ಎಲ್ಲಿದೆ? ಈಗ್ಲೇ ಕರೆಸಿ."

ರಶ್ಮಿ ಮನೆಗೆ ಫೋನ್ ಮಾಡಿದಳು. ಅತ್ತೆ ಎತ್ತಿದರು. ಹಿಂದೆ ಹುಟ್ಟುಹಬ್ಬಕ್ಕೆ ಬಂದ ಮಕ್ಕಳ ಗದ್ದಲ ಕೇಳುತ್ತಿತ್ತು. ಚನ್ನುವಿಗೂ ಕಚ್ಚಿತ್ತೆಂದು ಹೇಳಿದಳು.

"ರಶ್ಮೀ," ಎಂದರು ಪಾರ್ವತೆವ್ವ. "ನಿನಗ ಹಬ್ಬದ ಗಡಿಬಿಡಿ ಅಂತ ಹೇಳಿರಲಿಲ್ಲವಾ. ಅದಕ್ಕ ಏನು ಅವಾ ನಿನ್ನಿಯಿಂದ ನೀರಿನ ಲೋಟ ಕಂಡ್ರ ಚೀರಾಕತ್ತಾನ?"