ಗಾಜಿನ ಹೊರಗೆ ತೂಗಿದ ಪರದೆ

ಮಧ್ಯಾಹ್ನವಾದರೆ ಸಾಕು, ಪರದೆ ಹೊಲಿಯುವ ಅಂಗಡಿಯಲ್ಲಿ ಮಷೀನುಗಳ ಸದ್ದು ನಿಲ್ಲುತ್ತಿತ್ತು. ತಗಡಿನ ಸೂರು ಕಾದು, ಹೊಲಿಯುವ ಹೆಂಗಸರ ಬೆವರು ಬಟ್ಟೆಯ ಮೇಲೆ ತೊಟ್ಟಿಕ್ಕುತ್ತಿತ್ತು.

"ಅಕ್ಕಾ, ಹೊಸ ಕಟ್ಟಡವೂ ಹೀಗೇ ಕಾದ್ರೆ ನಾವು ಬೇರೆ ಕಡೆ ನೋಡ್ಕೋತೀವಿ" ಎಂದು ಅವರು ಅಂಗಡಿಯ ಒಡತಿಗೆ ಹೇಳಿಬಿಟ್ಟಿದ್ದರು. ಅವರು ಹೋದರೆ ಅಂಗಡಿಗೆ ಬೀಗವೇ ಗತಿ. ಅಕ್ಕನಿಗೆ ಅನ್ನ ಇಳಿಯುತ್ತಿರಲಿಲ್ಲ.

ಪಕ್ಕದಲ್ಲೇ ಅಕ್ಕ ಕಟ್ಟಿಸುತ್ತಿದ್ದ ಹೊಸ ಕಟ್ಟಡ ಎದ್ದಿತ್ತು. ಕೆಳಗೆ ಅಂಗಡಿ, ಮೇಲೆ ಮನೆ. ಪಡುವಣ ಗೋಡೆಗೆ ಪೂರ್ತಿ ಗಾಜು, ಒಳಗೆ ಆಗಲೇ ಎಳೆದಿದ್ದ ದಪ್ಪ ಪರದೆ. ಒಂದು ಮಧ್ಯಾಹ್ನ, ನಕ್ಷೆಗೆ ಮಂಜೂರಾತಿ ಕೊಡುವ ಕಟ್ಟಡ ಕಚೇರಿಯ ಇಂಜಿನಿಯರಮ್ಮ ಬಂದು ನೋಡಿ ಹುಬ್ಬು ಗಂಟಿಕ್ಕಿದರು.

"ನಕ್ಷೆಯಲ್ಲಿ ಗಾಜಿನ ಹೊರಗೆ ಸಜ್ಜಾ, ನೆರಳಿನ ಪಟ್ಟಿ ಇದೆ. ತಾರಸಿಗೆ ಶಾಖ ತಡೆಯೋ ಪದರ ಇದೆ. ಇಲ್ಲಿ ಯಾವುದೂ ಇಲ್ಲವಲ್ಲ? ಇಂಧನ ಉಳಿಸೋ ನಿಯಮ ಪಾಲಿಸದಿದ್ರೆ ಕಟ್ಟಡ ಮುಗಿದ ಪ್ರಮಾಣಪತ್ರ ಕೊಡೋಕಾಗಲ್ಲ."

ಅಕ್ಕನ ಗಂಡ ನಕ್ಕ. "ಮೇಡಂ, ಪರದೆ ಹೊಲಿಯೋರಿಗೇ ನೆರಳಿನ ಪಾಠ ಹೇಳ್ತೀರಾ? ಒಳಗೆ ನಮ್ಮ ದಪ್ಪ ಪರದೆ ಎಳೆದ್ರೆ ಸೂರ್ಯ ಬಂದ ದಾರಿ ಹಿಡೀತಾನೆ! ಮಿಕ್ಕಿದ್ದಕ್ಕೆ ಎಸಿ ಹಾಕ್ಕೊಳ್ಳಿ ಅಂದಿದಾನೆ ಕಂಟ್ರಾಕ್ಟರು."

"ಆ ಕರೆಂಟು ಬಿಲ್ಲು ಅವನಪ್ಪ ಕಟ್ತಾನೇನ್ರೀ?" ಅಕ್ಕ ರೇಗಿದಳು.

"ಜಗಳ ಆಮೇಲೆ" ಎಂದರು ಇಂಜಿನಿಯರಮ್ಮ. "ಯಜಮಾನ್ರೇ, ಪರದೆ ಎಳೆದೇ ಇದೆಯಲ್ಲ, ಅದರ ಹಿಂದೆ ಕೈ ಹಾಕಿ ನೋಡೋಣ."

ಹಾಕಿದ ಕೈಯನ್ನು ಅವನು ಚೇಳು ಕುಟುಕಿದಂತೆ ಎಳೆದುಕೊಂಡ. "ಅಬ್ಬಬ್ಬಾ, ಒಲೆ!"

"ಗಾಜು ದಾಟಿದ ಬಿಸಿಲು ಒಳಗೆ ಬಂದಾಯ್ತು. ಅದು ಪರದೇನ ಕಾಯಿಸುತ್ತೆ, ಪರದೆ ಕೋಣೇನ ಕಾಯಿಸುತ್ತೆ. ಹೊರಗೇ ತಡೀಬೇಕು."

ಅಕ್ಕ ಮಾತಿಗೆ ಕಾಯಲಿಲ್ಲ. ಆ ಪರದೆಯನ್ನೇ ಬಿಚ್ಚಿ, ಏಣಿ ಹತ್ತಿ ಗಾಜಿನ ಹೊರಗೆ ಕಟ್ಟಿದಳು.

"ಏನಕ್ಕಾ, ಕಟ್ಟಡಕ್ಕೂ ಅಂಗಿ ಹೊಲಿದ್ಯಾ?" ಎಂದು ಬೀದಿಯವರು ಕಿಚಾಯಿಸಿದರು. ಆದರೆ ಸ್ವಲ್ಪ ಹೊತ್ತಿಗೆ ಗಾಜಿನ ಬಿಸಿ ಇಳಿಯಿತು. ಗಂಡ ಒಳಗಿನಿಂದ ಅದಕ್ಕೆ ಅಂಗೈ ಇಟ್ಟ, ಕೆನ್ನೆಯನ್ನೂ ಇಟ್ಟ.

"ಇಷ್ಟು ವರ್ಷ ಪರದೆ ಹೊಲಿದು, ಅದನ್ನ ಎಲ್ಲಿ ಕಟ್ಟಬೇಕು ಅಂತ ಈಗ ಗೊತ್ತಾಯ್ತಲ್ಲೇ!"

ಮರುದಿನ ಕರೆಸಿ ಹೇಳಿದಾಗ ಕಂಟ್ರಾಕ್ಟರು ಗೊಣಗಿದ. "ನಕ್ಷೆಯಲ್ಲಿರೋದನ್ನ ಕಟ್ಟು, ಇಲ್ಲಾಂದ್ರೆ ಜಾಗ ಖಾಲಿ ಮಾಡು" ಎಂದಳು ಅಕ್ಕ. ಸಜ್ಜಾ ಬಂತು, ನೆರಳಿನ ಪಟ್ಟಿಗಳು ಬಂದವು. ತಾರಸಿಗೆ ಪದರ, ಅದರ ಮೇಲೆ ಬಿಳಿ ಟೈಲ್ಸು ಬಂತು. ಪ್ರಮಾಣಪತ್ರವೂ ಕೈ ಸೇರಿತು.

ಈಗ ಕಡುಬೇಸಿಗೆಯ ಮಧ್ಯಾಹ್ನ ಹೊಸ ಅಂಗಡಿಗೆ ಹೋಗಿ ನೋಡಿ. ಮಷೀನುಗಳು ಗುಡುಗುತ್ತಿವೆ. ಹೊಲಿಯುವವರಲ್ಲಿ ಒಬ್ಬಳೂ ಬಿಟ್ಟುಹೋಗಿಲ್ಲ, ಇನ್ನಷ್ಟು ಜನ ಕೆಲಸ ಕೇಳಿಕೊಂಡು ಬಂದಿದ್ದಾರೆ. "ಎಸಿ ಎಲ್ಲಿಟ್ಟಿದೀರಿ?" ಎಂದು ಗಿರಾಕಿಗಳು ಕೇಳಿದರೆ ಗಂಡ ಎದೆಯುಬ್ಬಿಸಿ ಸಜ್ಜಾ ತೋರಿಸುತ್ತಾನೆ.

ಮನೆ ಕಟ್ಟುವವರೇ, ಅಂಗಡಿ ಕಟ್ಟುವವರೇ, "ಆಮೇಲೆ ಎಸಿ ಹಾಕ್ಕೊಂಡ್ರಾಯ್ತು" ಎನ್ನುವವನಿಗೆ ತಲೆಯಾಡಿಸಬೇಡಿ. ಅವನು ಕಟ್ಟಿ ಹೋಗುತ್ತಾನೆ, ಒಳಗೆ ಬೇಯುವವರು ನೀವು! ಪಾಯ ತೋಡುವ ಮೊದಲೇ ಕಟ್ಟಡ ಕಚೇರಿಗೆ ಹೋಗಿ ಇಂಧನ ಉಳಿಸುವ ನಿಯಮವೇನೆಂದು ಕೇಳಿ. ನಕ್ಷೆಯಲ್ಲಿ ಬರೆದ ನೆರಳು ನಿಮ್ಮ ಗೋಡೆಯ ಮೇಲೆ ಬೀಳುವ ತನಕ ಕಂಟ್ರಾಕ್ಟರಿಗೆ ಕೊನೆಯ ಕಂತು ಕೊಡಬೇಡಿ.